ಕಂಸದೊಳಗಿನ ಊರು

ಮೈಸೂರಿನ ಒಂಟಿಕೊಪ್ಪಲಿನಲ್ಲಿ ನಾವು ಬಾಡಿಗೆಗಿದ್ದ ಬೀದಿಯ ಕೊನೆಗೆ ಒಂದು ಹೆಂಚಿನ ಮನೆ. ಅಂಗಳದಲ್ಲಿ ಸಂಪಿಗೆ ಮರ, ಗೇಟಿನ ಕಂಬಕ್ಕೆ ಹಿತ್ತಾಳೆಯ ನಾಮಫಲಕ. ಫಲಕದಲ್ಲಿ ಮನೆ ಯಜಮಾನರ ಹೆಸರು, ಅದರ ಕೆಳಗೆ ಎಂ.ಎ., ಆಮೇಲೆ ಕಂಸದೊಳಗೆ ಒಂದೇ ಒಂದು ಪದ: ಕ್ಯಾಂಟಾಬ್. ನಾನಾಗ ಆರನೇ ಕ್ಲಾಸು. ನನಗೆ ಅದು ಗುಳಿಗೆಯ ಹೆಸರು ಎಂಬುದರಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. ಕ್ರೋಸಿನ್, ಅನಾಸಿನ್, ಕ್ಯಾಂಟಾಬ್. ತಾತನಿಗೆ ಏನೋ ಕಾಯಿಲೆ ಇರಬೇಕು, ದಾರಿಯಲ್ಲಿ ಬಿದ್ದುಗಿದ್ದರೆ ಯಾವ ಮಾತ್ರೆ ಕೊಡಬೇಕೆಂದು ಜನಕ್ಕೆ ತಿಳಿಯಲಿ ಅಂತ ಬರೆಸಿದ್ದಾರೆ ಎಂದು ನನ್ನಷ್ಟಕ್ಕೆ ನಾನೇ ಕತೆ ಕಟ್ಟಿಕೊಂಡು ಅವರನ್ನು ಕಂಡಾಗಲೆಲ್ಲ ಕನಿಕರಪಡುತ್ತಿದ್ದೆ.

ಒಂದು ದಿನ ಅಣ್ಣನನ್ನು ಕೇಳಿದೆ. (ನಮ್ಮ ಮನೆಯಲ್ಲಿ ಅಪ್ಪನನ್ನು ಕರೆಯುತ್ತಿದ್ದುದು ಅಣ್ಣ ಅಂತಲೇ.)

"ಅದು ಕೇಂಬ್ರಿಡ್ಜು ಕಣೇ. ಲ್ಯಾಟಿನ್ನಲ್ಲಿ ಹಾಗನ್ತಾರೆ."

"ಕೇಂಬ್ರಿಡ್ಜ್ ಅಂತಲೇ ಬರೆಸಬಹುದಿತ್ತಲ್ಲ?"

"ಬರೆಸಿದ್ರೆ ಎಲ್ರಿಗೂ ಅರ್ಥ ಆಗ್ಬಿಡ್ತಿತ್ತಲ್ಲ," ಅಂದು ಅಣ್ಣ ಪೇಪರಿನ ಹಾಳೆ ಮಗುಚಿದರು.

ಬಹಳ ವರ್ಷ ಆ ಮಾತನ್ನೇ ನಂಬಿಕೊಂಡಿದ್ದೆ. ಲ್ಯಾಟಿನ್ ಇರುವುದು ಅರ್ಥವಾಗದಿರಲಿ ಅಂತ. ಪೂರ್ತಿ ಸುಳ್ಳಲ್ಲ ಅದು. ಆದರೆ ಪೂರ್ತಿ ನಿಜವೂ ಅಲ್ಲ ಅನ್ನುವುದು ತಿಳಿಯಲು ನಾನು ಇಂಗ್ಲೆಂಡಿನ ಯಾರ್ಕ್‌ಗೆ ಬಂದು ಸಂಸಾರ ಹೂಡಬೇಕಾಯಿತು.

ಹದಿನಾಲ್ಕು ವರ್ಷದ ಹಿಂದೆ, ಜೂನ್ ತಿಂಗಳಲ್ಲಿ ಇಲ್ಲಿಗೆ ಬಂದದ್ದು. ರಾತ್ರಿ ಹತ್ತಾದರೂ ಬೆಳಕು, ಬೆಳಗಿನ ಜಾವ ನಾಲ್ಕಕ್ಕೇ ಮತ್ತೆ ಬೆಳಕು. ನಿದ್ದೆ ಬಾರದೆ ಮೊದಲ ವಾರವೇ ದಪ್ಪ ಪರದೆ ಕೊಳ್ಳಲು ಡನೆಲ್ಮ್ ಎಂಬ ಅಂಗಡಿಗೆ ಹೋದೆವು. ಪರದೆ, ದಿಂಬು, ಹಾಸು ಎಂದರೆ ಇಲ್ಲಿಯವರು ಹೋಗುವುದು ಅಲ್ಲಿಗೇ. 1979ರಲ್ಲಿ ಲೆಸ್ಟರ್ ಊರಿನ ಸಂತೆಕಟ್ಟೆಯಲ್ಲಿ ಪರದೆ ಮಾರುವುದರಿಂದ ಶುರುವಾದ ವ್ಯಾಪಾರ ಅದು. ಐದಾರು ವರ್ಷ ಆದಮೇಲೆ ಡರ್‌ಹಮ್ ನೋಡಲು ಹೋದಾಗ ಅಲ್ಲಿ ಓದಿದವರೊಬ್ಬರು ತಮ್ಮ ಪದವಿಯ ಮುಂದೆ ಕಂಸದಲ್ಲಿ 'ಡನೆಲ್ಮ್' ಎಂದು ಬರೆದುಕೊಂಡದ್ದು ಕಣ್ಣಿಗೆ ಬಿತ್ತು. ಪರದೆ ಅಂಗಡಿಯವರು ಯಾವಾಗಿನಿಂದ ಡಿಗ್ರಿ ಕೊಡಲು ಶುರುಮಾಡಿದರು ಎಂದುಕೊಂಡೆ. ಆಗ ಒಂಟಿಕೊಪ್ಪಲಿನ ಗುಳಿಗೆ ನೆನಪಾಯಿತು.

ವಿಷಯ ಇಷ್ಟೇ. ಲ್ಯಾಟಿನ್ನಿನಲ್ಲಿ ಊರಿನ ಹೆಸರಿಗೆ '-ಎನ್ಸಿಸ್' ಎಂಬ ಬಾಲ ಸೇರಿಸಿದರೆ 'ಆ ಊರಿನ' ಎಂಬ ವಿಶೇಷಣವಾಗುತ್ತದೆ. ಕೇಂಬ್ರಿಡ್ಜಿಗೆ ಕ್ಯಾಂಟಾಬ್ರಿಜಿಯೆನ್ಸಿಸ್, ಆಕ್ಸ್‌ಫರ್ಡಿಗೆ ಆಕ್ಸೋನಿಯೆನ್ಸಿಸ್, ಡರ್‌ಹಮ್‌ಗೆ ಡನೆಲ್ಮೆನ್ಸಿಸ್. ಇಷ್ಟುದ್ದ ಬರೆಯಲು ಫಲಕದಲ್ಲಿ ಜಾಗವಿಲ್ಲ, ಹಾಗಾಗಿ ತಲೆ ಉಳಿಸಿಕೊಂಡು ಬಾಲ ಕತ್ತರಿಸಿದರು: ಕ್ಯಾಂಟಾಬ್, ಆಕ್ಸನ್, ಡನೆಲ್ಮ್. ನಮ್ಮ ಯಾರ್ಕಿಗೆ ಈಬೋರ್. ಇಲ್ಲಿ ಆಗಸ್ಟ್ ತಿಂಗಳಲ್ಲಿ ನಡೆಯುವ ದೊಡ್ಡ ಕುದುರೆ ಜೂಜಿನ ಹೆಸರೂ ಈಬೋರ್, 1843ರಿಂದ. ಆ ದಿನ ಬೆಳಗ್ಗೆ ಹ್ಯಾಟು, ಹೈಹೀಲ್ಡು. ಸಂಜೆ ಚಪ್ಪಲಿ ಕೈಯಲ್ಲಿ ಹಿಡಿದು ರೈಲು ನಿಲ್ದಾಣದ ಕಡೆ ಬರಿಗಾಲ ಮೆರವಣಿಗೆ. ಲ್ಯಾಟಿನ್ ವಿಶೇಷಣವೊಂದನ್ನು ಅಷ್ಟು ಜೋರಾಗಿ, ಅಷ್ಟು ತೊದಲುತ್ತಾ ಬೀದಿಯಲ್ಲಿ ಕೂಗುವುದನ್ನು ಬೇರೆಲ್ಲೂ ಕೇಳಿಲ್ಲ.

ಇದಕ್ಕೆ ಪೂರಾ ಉಲ್ಟಾ ತೂಕದವರು ಬಿಷಪ್ಪರು. ಇಂಗ್ಲೆಂಡಿನ ಚರ್ಚಿನಲ್ಲಿ ಬಿಷಪ್ ಆದವರು ರುಜು ಹಾಕುವಾಗ ಮನೆತನದ ಹೆಸರು ಬಿಟ್ಟು, ಆ ಜಾಗದಲ್ಲಿ ತಮ್ಮ ಪೀಠದ ಊರನ್ನು ಲ್ಯಾಟಿನ್ನಿನಲ್ಲಿ ಬರೆಯುತ್ತಾರೆ. ರೋವನ್ ವಿಲಿಯಮ್ಸ್ ಆ ಚರ್ಚಿನ ಅತಿ ಹಿರಿಯ ಪೀಠವಾದ ಕ್ಯಾಂಟರ್ಬರಿಯಲ್ಲಿದ್ದಷ್ಟು ದಿನ 'ರೋವನ್ ಕ್ಯಾಂಟುವಾರ್'. ನಮ್ಮ ಯಾರ್ಕಿನ ಈಗಿನ ಆರ್ಚ್‌ಬಿಷಪ್ 'ಸ್ಟೀಫನ್ ಈಬೋರ್'. ಕಾರ್ಲೈಲ್‌ನವರು ಕಾರ್ಲಿಯೋಲ್, ಪೀಟರ್‌ಬರೋದವರು ಪೆಟ್ರಿಬರ್ಗ್. ರಾಚೆಸ್ಟರ್‌ನವರದು ಎಲ್ಲಕ್ಕಿಂತ ತಮಾಷೆ, ರೋಫೆನ್. ಸಾರಾ ಮುಲ್ಲಾಲಿ 2018ರಲ್ಲಿ ಲಂಡನ್ನಿನ ಬಿಷಪ್ ಆದರು, ಆ ಪೀಠಕ್ಕೆ ಬಂದ ಮೊದಲ ಹೆಂಗಸು. ಲಂಡನ್ನಿನವರ ರುಜುವಿಗೆ ಸೇರುವುದು ಲೋಂಡಿನ್. 2025ರ ಅಕ್ಟೋಬರಿನಲ್ಲಿ ಅವರನ್ನು ಕ್ಯಾಂಟರ್ಬರಿಗೆ ಹೆಸರಿಸಿದ ಸುದ್ದಿ ಬಂದಾಗ ಎಲ್ಲರೂ ಚರ್ಚಿನ ರಾಜಕೀಯ ಮಾತಾಡುತ್ತಿದ್ದರೆ ನನ್ನ ತಲೆಗೆ ಹೊಳೆದದ್ದು ರುಜು. ವರ್ಗಾವಣೆಯಾದರೆ ನಮ್ಮಲ್ಲಿ ರೇಷನ್ ಕಾರ್ಡು ಬದಲಾಗುತ್ತದೆ, ಇವರಿಗೆ ಅಡ್ಡಹೆಸರೇ ಬದಲಾಗುತ್ತದೆ.

ಇನ್ನೊಂದು ಮಾತು, ಫಲಕದ ತಾತ ಕ್ಷಮಿಸಲಿ. ಆಕ್ಸ್‌ಫರ್ಡ್, ಕೇಂಬ್ರಿಡ್ಜುಗಳ ಎಂ.ಎ. ಪದವಿಗೆ ಪರೀಕ್ಷೆ ಇಲ್ಲ. ಅಲ್ಲಿ ಬಿ.ಎ. ಮಾಡಿದವರು ಕೆಲವು ವರ್ಷ ಕಾದರೆ ಅದು ಎಂ.ಎ. ಆಗುತ್ತದೆ, ಹಾಲು ಹೆಪ್ಪುಗಟ್ಟಿದ ಹಾಗೆ.

ಈ ಪದಗಳನ್ನು ನೋಡಿದರೆ ರೋಮನ್ ಕಾಲದವು ಎನ್ನಿಸುತ್ತದೆ. ಬಹಳಷ್ಟು ಅಲ್ಲ. ರೋಮನ್ನರಿದ್ದಾಗ ಆಕ್ಸ್‌ಫರ್ಡ್ ಎಂಬ ಊರೇ ಇರಲಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಅದು ಆಕ್ಸೆನಫೋರ್ಡ್, ಅಂದರೆ ಎತ್ತುಗಳು ಹೊಳೆ ದಾಟುವ ಕಡವು. ಸಕಲೇಶಪುರದ ಕಡೆಯ ಎತ್ತಿನಹೊಳೆಯ ಅಕ್ಕ ಅನ್ನಿ. ಜನರ ಬಾಯಲ್ಲಿ ಸವೆದು ಸವೆದು ನಡುವಿನ 'ನ'ಕಾರ ಬಿದ್ದುಹೋಗಿ ಆಕ್ಸ್‌ಫರ್ಡ್ ಆಯಿತು. ಆದರೆ ಲ್ಯಾಟಿನ್ ಬರೆಯುವ ಗುಮಾಸ್ತರು ಊರನ್ನು ಆಕ್ಸೋನಿಯಾ ಎಂದು ಬರೆದಾಗ ಆ 'ನ' ಇನ್ನೂ ಜೀವಂತವಾಗಿತ್ತು. ಕಂಸದೊಳಗಿನ 'ಆಕ್ಸನ್'ನಲ್ಲಿ ಇವತ್ತಿಗೂ ಕೂತಿರುವುದು ಅದೇ, 'ಎತ್ತಿನ' ಅನ್ನುವಾಗಿನ 'ಇನ'. ಸೀಸರನ ಪದ ಎಂದುಕೊಂಡು ನಾವು ಕೈಮುಗಿಯುವುದು ಸ್ಯಾಕ್ಸನ್ ದನಗಾಹಿಯ ವಿಭಕ್ತಿ ಪ್ರತ್ಯಯಕ್ಕೆ.

ಡರ್‌ಹಮ್ ಕೂಡ ಅಷ್ಟೇ. 'ಡನ್' ಎಂದರೆ ಇಂಗ್ಲಿಷರ ಹಳೆಯ ಗುಡ್ಡ, 'ಹೋಲ್ಮ್' ಎಂದರೆ ವೈಕಿಂಗರ ದ್ವೀಪ. ವೇರ್ ನದಿ ಮೂರು ಕಡೆಯಿಂದ ಸುತ್ತಿ ಹರಿಯುವ ಆ ಗುಡ್ಡವನ್ನು ನೋಡಿದರೆ ಹೆಸರಿಟ್ಟವರ ಕಣ್ಣು ಗೊತ್ತಾಗುತ್ತದೆ. ಆಮೇಲೆ ನಾರ್ಮನ್ ಫ್ರೆಂಚರು ಬಂದು ಅವರ ನಾಲಿಗೆಗೆ ಹೊರಳುವಂತೆ ಡರೆಸ್ಮ್ ಅಂದರು, ಅದು ಡರ್‌ಹಮ್ ಆಯಿತು. ಡನ್‌ಹೋಲ್ಮ್‌ನ ಗುಡ್ಡವೂ ದ್ವೀಪವೂ ಉಳಿದದ್ದು ಬಿಷಪ್ಪರ ರುಜುವಿನಲ್ಲಿ, ಪದವೀಧರರ ಕಂಸದಲ್ಲಿ, ಮತ್ತೆ ನಮ್ಮ ಮಲಗುವ ಕೋಣೆಯ ಪರದೆಯ ಚೀಟಿಯಲ್ಲಿ.

ಕೇಂಬ್ರಿಡ್ಜ್ ಇನ್ನೂ ಮಜ. ಮೊದಲು ಹೊಳೆ ಗ್ರಾಂಟಾ, ಊರು ಗ್ರಾಂಟಾಬ್ರಿಜ್. ನಾರ್ಮನ್ನರ ಬಾಯಿಗೆ 'ಗ್ರ' ಕಷ್ಟವಾಗಿ ಕಾಂಟೆಬ್ರಿಗ್ ಆಯಿತು, ಲ್ಯಾಟಿನ್ನಿನವರು ಅದನ್ನೇ ಹಿಡಿದು ಕ್ಯಾಂಟಾಬ್ರಿಜಿಯಾ ಮಾಡಿದರು. ಊರು ಮುಂದೆ ಕೇಂಬ್ರಿಡ್ಜ್ ಆದಾಗ ಜನ ಯೋಚಿಸಿದರು: ಸೇತುವೆ ಕೇಮ್‌ದಾದರೆ ಹೊಳೆ ಕೇಮ್ ಇರಲೇಬೇಕಲ್ಲ? ಹೊಳೆಯ ಹೆಸರನ್ನೇ ಕೇಮ್ ಎಂದು ತಿದ್ದಿದರು! ಮಗನನ್ನು ನೋಡಿ ಅಪ್ಪನಿಗೆ ಹೆಸರಿಟ್ಟ ಹಾಗೆ. ಮೇಲ್ಹರಿವಿನಲ್ಲಿ ಮಾತ್ರ ಅದು ಈಗಲೂ ಗ್ರಾಂಟಾ. ಕ್ಯಾಂಟಾಬ್ ಎಂಬುದು ಈ ಪಯಣದ ನಡುದಾರಿಯಲ್ಲಿ ತೆಗೆದ ಫೋಟೋ.

ತಪ್ಪಿನಿಂದ ಹುಟ್ಟಿದ ವಿಶೇಷಣಗಳೂ ಇವೆ. ಸಾಲಿಸ್‌ಬರಿಯ ಬಿಷಪ್ಪರ ರುಜು 'ಸೇರಮ್'. ಮಧ್ಯಯುಗದ ಬರಹಗಾರರು ಸಾರಿಸ್‌ಬೇರಿಯಾ ಎಂದು ಪೂರ್ತಿ ಬರೆಯಲು ಬೇಸತ್ತು 'ಸಾರ್' ಎಂದು ಬರೆದು ಮೇಲೊಂದು ಗೀಟು ಎಳೆಯುತ್ತಿದ್ದರು. ಅದೇ ಗೀಟು ಬೇರೆ ಕಡೆಗಳಲ್ಲಿ '-ರಮ್' ಎಂಬುದರ ಸಂಕ್ಷೇಪವಾಗಿತ್ತು. ಓದುವವರು ಸೇರಮ್ ಎಂದು ಓದಿದರು, ಊರಿಗೆ ಆ ಹೆಸರೇ ನಿಂತಿತು. 1220ರಲ್ಲಿ ಹೊಸ ಕ್ಯಾಥೆಡ್ರಲ್ಲಿಗೆ ಕೆಳಗಿನ ಬಯಲಿನಲ್ಲಿ ಅಡಿಗಲ್ಲು ಬಿದ್ದಮೇಲೆ ಜನ ಗುಡ್ಡ ಇಳಿದು ಹೋದರು, ಹಳೆಯದು 'ಓಲ್ಡ್ ಸೇರಮ್' ಎಂದೇ ಉಳಿಯಿತು. ಆಮೇಲಿನ ಕತೆ ಇನ್ನೂ ಚೆನ್ನ. ಹೆಚ್ಚುಕಡಿಮೆ ಯಾರೂ ವಾಸವಿಲ್ಲದ ಆ ದಿಬ್ಬ 1832ರವರೆಗೆ ಪಾರ್ಲಿಮೆಂಟಿಗೆ ಇಬ್ಬರು ಸದಸ್ಯರನ್ನು ಕಳಿಸುತ್ತಿತ್ತು. ಕೈತಪ್ಪಿನಿಂದ ಹುಟ್ಟಿದ ಹೆಸರು, ಜನವೇ ಇಲ್ಲದ ಊರು, ಎರಡು ಸೀಟು. ಮ್ಯಾಂಚೆಸ್ಟರಿನವರು ತಮ್ಮನ್ನು ಮ್ಯಾಂಕೂನಿಯನ್ ಅಂದುಕೊಳ್ಳುವುದೂ ಇಂಥದೇ. ಅಲ್ಲಿದ್ದ ರೋಮನ್ ಕೋಟೆಯ ಹೆಸರು ಮಾಮುಕಿಯಮ್. ನಕಲು ಮಾಡಿದವರ ಕೈಯಲ್ಲಿ ಅಕ್ಷರ ಜಾರಿ ಮ್ಯಾಂಕೂನಿಯಮ್ ಆಯಿತು. ಸ್ಟೇಡಿಯಮ್ಮಿನಲ್ಲಿ ಎದೆ ತಟ್ಟಿಕೊಂಡು ಹಾಡುವವರಿಗೆ ಇದನ್ನು ಹೇಳಲು ಹೋಗಬೇಡಿ.

ಯಾರ್ಕಿನದು ತಪ್ಪಲ್ಲ, ಕಿವಿಯ ಆಟ. ರೋಮನ್ನರು ಕ್ರಿ.ಶ. 71ರಲ್ಲಿ ಇಲ್ಲಿ ದಂಡಿನ ಪಾಳೆಯ ಕಟ್ಟಿದಾಗ ಸ್ಥಳೀಯ ಕೆಲ್ಟಿಕ್ ಹೆಸರನ್ನೇ ಇಟ್ಟುಕೊಂಡು ಎಬೊರಾಕಮ್ ಅಂದರು. ಯೂ ಮರಗಳ ಜಾಗ ಎಂದು ಅರ್ಥ ಹೇಳುತ್ತಾರೆ. ಆಮೇಲೆ ಬಂದ ಆಂಗ್ಲರಿಗೆ ಯೂ ಮರ ಕೇಳಿಸಲಿಲ್ಲ, ಅವರ ಭಾಷೆಯ 'ಇಯೋಫೋರ್' ಕೇಳಿಸಿತು, ಅಂದರೆ ಕಾಡುಹಂದಿ. ಊರು ಇಯೋಫೋರ್‌ವಿಕ್, ಹಂದಿಯೂರು. 866ರಲ್ಲಿ ಊರು ಹಿಡಿದ ವೈಕಿಂಗರ ಬಾಯಲ್ಲಿ ಅದು ಯೋರ್‌ವಿಕ್. ಅದೇ ಕುಗ್ಗಿ ಯಾರ್ಕ್. ಬೆಂದಕಾಳೂರಿನ ಕತೆ ಕೇಳಿ ಬೆಳೆದ ನಮಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ವೀರಬಲ್ಲಾಳನಿಗೆ ಅಜ್ಜಿ ಬೇಯಿಸಿದ ಕಾಳು ಕೊಟ್ಟಳು ಎನ್ನುವ ಕಾಲಕ್ಕಿಂತ ಮುಂಚೆಯೇ, 890ರ ಸುಮಾರಿನ ಬೇಗೂರಿನ ವೀರಗಲ್ಲಿನಲ್ಲಿ ಬೆಂಗಳೂರಿನ ಹೆಸರು ಕೆತ್ತಿದೆ. ಆದರೂ ಕಾಳು ಬಿಡಲು ನಮಗೆ ಮನಸ್ಸಿಲ್ಲ, ಹಂದಿ ಬಿಡಲು ಇವರಿಗೆ ಮನಸ್ಸಿರಲಿಲ್ಲ. ಹಂದಿ ಬಂದು ಹೋಯಿತು, ವೈಕಿಂಗರು ಬಂದು ಹೋದರು. ಯೂ ಮರ ಮಾತ್ರ ಆರ್ಚ್‌ಬಿಷಪ್ಪರ ರುಜುವಿನಲ್ಲಿ ನಿಂತಿದೆ.

ಎಲ್ಲ ಊರಿಗೂ ಇಂಥ ಉಡುಪು ಸಿಗಲಿಲ್ಲ ಅನ್ನುವುದನ್ನೂ ಹೇಳಬೇಕು. ಬಿಷಪ್ಪರು, ಹಳೆಯ ವಿಶ್ವವಿದ್ಯಾಲಯ ಇದ್ದ ಊರಿಗೆ ಲ್ಯಾಟಿನ್. ಕಬ್ಬಿಣ, ಬಂದರು, ಗಿರಣಿಗಳಿಂದ ಬೆಳೆದ ಊರಿಗೆ ಬೀದಿಯ ಹೆಸರು. ಬರ್ಮಿಂಗ್‌ಹ್ಯಾಮಿನವರು ಬ್ರಮ್ಮಿ, ನ್ಯೂಕ್ಯಾಸಲ್ಲಿನವರು ಜಾರ್ಡಿ. ನೋವೋಕಾಸ್ಟ್ರಿಯನ್ ಎಂಬ ಲ್ಯಾಟಿನ್ ರೂಪ ಇದೆಯಾದರೂ ಹಾಗೆಂದು ಕರೆದರೆ ಅವರೇ ಹಿಂದೆ ತಿರುಗಿ ಯಾರನ್ನು ಕರೆದದ್ದು ಎಂದು ನೋಡಿಯಾರು. ಲಿವರ್‌ಪೂಲಿನವರಂತೂ ತಮ್ಮ ಊರಿನ 'ಪೂಲ್' ಅನ್ನು 'ಪಡಲ್' ಮಾಡಿಕೊಂಡರು, ಕೊಳವನ್ನು ಕೊಚ್ಚೆಗುಂಡಿ ಮಾಡಿದ ಹಾಗೆ, ಅದಕ್ಕೆ ಗಂಭೀರವಾಗಿ '-ಇಯನ್' ಬಾಲ ಅಂಟಿಸಿ ಲಿವರ್‌ಪಡ್ಲಿಯನ್ ಎಂದರು. ಲ್ಯಾಟಿನ್ನನ್ನೇ ಅಣಕಿಸುವ ಈ ಪದ ನನಗೆ ಎಲ್ಲಕ್ಕಿಂತ ಇಷ್ಟ.

ಈಗ ಬಾಲದ ವಿಷಯಕ್ಕೆ ಬರುತ್ತೇನೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ತಲೆಗಿಂತ ಹೆಚ್ಚಾಗಿ ಈ '-ಎನ್ಸಿಸ್'.

ಲ್ಯಾಟಿನ್ನಿನಲ್ಲಿ ಒಂದೇ ನಾಡಿಗೆ ಎರಡು ವಿಶೇಷಣ ಇರುವುದುಂಟು. ಸ್ಪೇನಿನಲ್ಲಿ ಹುಟ್ಟಿದ, ಅಲ್ಲಿಯ ರಕ್ತದ ಮನುಷ್ಯ ಹಿಸ್ಪಾನುಸ್. ರೋಮಿನಿಂದ ಹೋಗಿ ಸ್ಪೇನಿನಲ್ಲಿ ಬೀಡುಬಿಟ್ಟ ದಂಡು ಹಿಸ್ಪಾನಿಯೆನ್ಸಿಸ್. ಒಂದು ಹುಟ್ಟಿನದು, ಇನ್ನೊಂದು ಇರುವಿಕೆಯದು. ಎನ್ಸಿಸ್ ಎಂಬ ಬಾಲ ನಿಮ್ಮ ಅಜ್ಜ ಯಾರು ಎಂದು ಕೇಳುವುದಿಲ್ಲ. ಈಗ ಎಲ್ಲಿದ್ದೀರಿ, ಯಾವುದಕ್ಕೆ ಸೇರಿದ್ದೀರಿ ಎಂದಷ್ಟೇ ಹೇಳುತ್ತದೆ. ಸವಣೂರಿನಲ್ಲಿ ಹುಟ್ಟಿ ಧಾರವಾಡದಲ್ಲಿ ಓದಿದ ವಿನಾಯಕ ಕೃಷ್ಣ ಗೋಕಾಕರು ಆಕ್ಸ್‌ಫರ್ಡಿಗೆ ಹೋಗಿ ಬಂದು ಆಕ್ಸೋನಿಯೆನ್ಸಿಸ್ ಆಗಬಹುದಾದದ್ದು ಹೀಗೆ. ಗಿರೀಶ ಕಾರ್ನಾಡರೂ ಹಾಗೆಯೇ. 1960ರ ದಶಕದ ಮೊದಲಿಗೆ ರೋಡ್ಸ್ ವಿದ್ಯಾರ್ಥಿವೇತನದಲ್ಲಿ ಹೋದವರು ಅಲ್ಲಿನ ಆಕ್ಸ್‌ಫರ್ಡ್ ಯೂನಿಯನ್ ಎಂಬ ಚರ್ಚಾಕೂಟಕ್ಕೆ ಅಧ್ಯಕ್ಷರೇ ಆಗಿಬಿಟ್ಟರು. ತಮಾಷೆ ನೋಡಿ, ಇಬ್ಬರ ಮನೆತನದ ಹೆಸರೂ ಊರಿನದೇ, ಇಬ್ಬರೂ ಹುಟ್ಟಿದ್ದು ಆ ಊರಿನಲ್ಲಲ್ಲ. ಗೋಕಾಕರು ಗೋಕಾಕದಲ್ಲಿ ಹುಟ್ಟಲಿಲ್ಲ. ಮೂಲ್ಕಿಯ ಹತ್ತಿರ ಕಾರ್ನಾಡು ಇದೆ, ಕಾರ್ನಾಡರು ಹುಟ್ಟಿದ್ದು ಮಾಥೆರಾನಿನಲ್ಲಿ. ನಮ್ಮ ಕಡೆ ಅಡ್ಡಹೆಸರು ತಲೆಮಾರುಗಳ ಹಿಂದಿನ ಊರನ್ನು ಹೊತ್ತುಕೊಂಡು ಬರುತ್ತದೆ, ಕಂಸ ಮಾತ್ರ ಅವರವರೇ ನಡೆದು ಹೋದ ಊರನ್ನು ಹೇಳುತ್ತದೆ.

ಕನ್ನಡದಲ್ಲಿ 'ಮೈಸೂರಿನವರು' ಅಂದರೆ ಹುಟ್ಟಿದವರೋ ಇರುವವರೋ ಗೊತ್ತಾಗುವುದಿಲ್ಲ. ಅದಕ್ಕೇ ಅಲ್ಲವೇ ರೈಲಿನಲ್ಲಿ ಎದುರು ಕೂತವರು 'ಯಾವೂರಾಯ್ತು?' ಎಂದು ಶುರುಮಾಡಿ, ಉತ್ತರ ಕೇಳಿ ತೃಪ್ತಿಯಾಗದೆ 'ಸ್ವಂತ ಊರು?' ಎಂದು ಎರಡನೇ ಗುಂಡಿ ಒತ್ತುವುದು.

ಆ ಎರಡನೇ ಪ್ರಶ್ನೆಯನ್ನು ರೋಮನ್ ಕಲ್ಲುಗಳೂ ಕೇಳುತ್ತವೆ. ಫ್ರಾನ್ಸಿನ ಬೋರ್ಡೋದಲ್ಲಿ 1921ರಲ್ಲಿ ಒಂದು ಬಲಿಪೀಠ ಸಿಕ್ಕಿತು. ಕ್ರಿ.ಶ. 237ರಲ್ಲಿ ಮಾರ್ಕುಸ್ ಆರೇಲಿಯುಸ್ ಲುನಾರಿಸ್ ಎಂಬವನು, ಯಾರ್ಕಿನಿಂದ ಹೊರಡುವಾಗ ಹೊತ್ತ ಹರಕೆಯನ್ನು ಅಲ್ಲಿ ತೀರಿಸಿದ. ಕಲ್ಲು ಕೂಡ ಯಾರ್ಕ್‌ಷೈರಿನದೇ. ಹರಕೆಯ ಜೊತೆ ಕಲ್ಲನ್ನೂ ಹಡಗಿನಲ್ಲಿ ಹೇರಿಕೊಂಡು ಹೋಗಿದ್ದ ಪುಣ್ಯಾತ್ಮ. ಅವನ ಹುದ್ದೆ ಯಾವ ಊರುಗಳದು ಎಂಬುದನ್ನು ಕೆತ್ತಿದ್ದು ಹೀಗೆ: 'ಕೊಲೊನಿಗಳಾದ ಎಬೊರ್ ಮತ್ತು ಲಿಂಡ್'. ಯಾರ್ಕ್ ಮತ್ತು ಲಿಂಕನ್. ಪೂರ್ತಿ ಪದಕ್ಕೆ ಕಲ್ಲಿನಲ್ಲಿ ಜಾಗ ಇರಲಿಲ್ಲ, ಕಲ್ಲುಕುಟಿಗ ಬಾಲ ಕತ್ತರಿಸಿದ. ಒಂಟಿಕೊಪ್ಪಲಿನ ಹಿತ್ತಾಳೆ ಕೆತ್ತಿದವನು ಮಾಡಿದ್ದೂ ಅದನ್ನೇ. ಮುಂದಿನ ಸಲ ಯಾರಾದರೂ ಈಬೋರ್ ಎಂಬುದು ಬಿಷಪ್ಪರ ಶೋಕಿ ಎಂದರೆ ಹೇಳಲು ನನ್ನ ಬಳಿ ಸುಮಾರು 1,800 ವರ್ಷದ ಸಾಕ್ಷಿ ಇದೆ.

ಅದೇ ಹುದ್ದೆಯಲ್ಲಿದ್ದ ಇನ್ನೊಬ್ಬ, ವೆರೆಕುಂಡಿಯುಸ್ ಡಯೋಜನಿಸ್. ಚಕ್ರವರ್ತಿಯ ಪೂಜೆ ನಡೆಸುವ ಆರು ಜನರ ಮಂಡಳಿ ಅದು. ಸಾಮಾನ್ಯವಾಗಿ ದಾಸ್ಯದಿಂದ ಬಿಡುಗಡೆಯಾಗಿ ಕೈಯಲ್ಲಿ ನಾಲ್ಕು ಕಾಸು ಕಂಡವರು ಸೇರುತ್ತಿದ್ದ ಜಾಗ. ಅವನ ಕಲ್ಲಿನ ಶವಪೆಟ್ಟಿಗೆ 16ನೇ ಶತಮಾನದಲ್ಲಿ ಯಾರ್ಕಿನಲ್ಲಿ ಸಿಕ್ಕಿತ್ತು. ಅದನ್ನು ಹಲ್ ಎಂಬ ಊರಿಗೆ ಸಾಗಿಸಿ ಕುದುರೆಗಳಿಗೆ ನೀರು ಕುಡಿಸುವ ಬಾನಿ ಮಾಡಿಕೊಂಡರು, ಈಗ ಅದು ಎಲ್ಲೂ ಇಲ್ಲ. ಅದೃಷ್ಟಕ್ಕೆ ಯಾರೋ ಅಕ್ಷರ ನಕಲು ಮಾಡಿಟ್ಟಿದ್ದರು. ಎಬೊರ್ ಕೊಲೊನಿಯ ಅಧಿಕಾರಿ, ಅಂತ ಮೊದಲು. ಆಮೇಲೆ, ಹುಟ್ಟಿನಿಂದ ಬಿಟುರಿಕ್ಸ್ ಕುಬುಸ್, ಅಂದರೆ ಈಗಿನ ಫ್ರಾನ್ಸಿನ ಬೂರ್ಜ್ ಊರಿನ ಕುಲದವನು. ಇರುವ ಊರು ಒಂದು ಸಾಲು, ಬಂದ ಊರು ಇನ್ನೊಂದು ಸಾಲು. ಅವನ ಹೆಂಡತಿ ಯೂಲಿಯಾ ಫೋರ್ತುನಾತಾಳ ಪೆಟ್ಟಿಗೆ ಬೇರೆ ಕಡೆ ಸಿಕ್ಕಿತು, ಯಾರ್ಕ್‌ಷೈರ್ ಮ್ಯೂಸಿಯಮ್ಮಿನಲ್ಲಿ ಇಟ್ಟಿದ್ದಾರೆ. ಅದರ ಮೇಲೆ 'ದೊಮೊ ಸಾರ್ದೀನಿಯಾ' ಎಂದಿದೆ. ಮನೆ: ಸಾರ್ಡೀನಿಯಾ.

ಆ ಪೆಟ್ಟಿಗೆಯ ಮುಂದೆ ನಾನು ಒಂದು ಸಲ ಬಹಳ ಹೊತ್ತು ನಿಂತಿದ್ದೆ. ಫೆಬ್ರವರಿ ತಿಂಗಳು, ಹೊರಗೆ ಹಿಮ ಕರಗಿದ ಕೆಸರು. ಸಾರ್ಡೀನಿಯಾದ ಬಿಸಿಲು ಬಿಟ್ಟು ಇಲ್ಲಿಗೆ ಬಂದವಳು, ಗಂಡನದು ಮತ್ತೊಂದು ಊರು, ಇಬ್ಬರದೂ ಅಲ್ಲದ ಈ ಮೂರನೇ ಊರಲ್ಲಿ ಸಂಸಾರ. ನನ್ನವರು ಶಿರಸಿ ಕಡೆಯವರು, ನಾನು ಮೈಸೂರು. ಪಕ್ಕದಲ್ಲಿದ್ದ ಶಾಲೆ ಮಕ್ಕಳ ಗುಂಪು ಅಸ್ಥಿಪಂಜರ ಎಲ್ಲಿ ಎಂದು ಹುಡುಕುತ್ತಿತ್ತು.

ಮನೆಗೆ ಬಂದು ಅಮ್ಮನಿಗೆ ಫೋನಿನಲ್ಲಿ ಈ ಕತೆ ಹೇಳಿದೆ. ಅಮ್ಮ ಎಲ್ಲ ಕೇಳಿ, "ಪಾಪ, ಅವಳಿಗೆ ಮಕ್ಕಳಿದ್ವಂತಾ?" ಎಂದರು. ಕಲ್ಲಿನಲ್ಲಿ ಬರೆದಿಲ್ಲ ಅಂದೆ. "ಬರೆಸಬೇಕಿತ್ತು," ಅಂದರು.

ಹುಟ್ಟಿನ ವಿಷಯದಲ್ಲಿ ಯಾರ್ಕ್‌ಷೈರಿನವರು ರೋಮನ್ನರಿಗಿಂತ ಬಿಗಿ. ಇಲ್ಲಿಯ ಕ್ರಿಕೆಟ್ ಕ್ಲಬ್ಬಿಗೆ ಆಡಬೇಕಾದರೆ ಈ ಕೌಂಟಿಯ ಗಡಿಯೊಳಗೇ ಹುಟ್ಟಿರಬೇಕು ಎಂಬ ಪದ್ಧತಿ ಒಂದು ಶತಮಾನದ ಹತ್ತಿರ ನಡೆಯಿತು. ಗರ್ಭಿಣಿಯರು ಹೆರಿಗೆಗೆ ಗಡಿ ದಾಟಿ ಬಂದರಂತೆ ಎನ್ನುವ ಜೋಕುಗಳು ಇಲ್ಲಿ ಪಬ್ಬಿನಲ್ಲಿ ಇವತ್ತಿಗೂ ಚಲಾವಣೆಯಲ್ಲಿವೆ. ಆ ತಂಡವನ್ನು ವರ್ಷಾನುಗಟ್ಟಲೆ ಆಳಿದ ನಾಯಕ ಲಾರ್ಡ್ ಹಾಕ್ ಸ್ವತಃ ಹುಟ್ಟಿದ್ದು ಪಕ್ಕದ ಲಿಂಕನ್‌ಷೈರಿನಲ್ಲಿ, ಅದು ಬೇರೆ ಮಾತು. ಪದ್ಧತಿ ಮುರಿದದ್ದು 1992ರಲ್ಲಿ. ಹೊರದೇಶದಿಂದ ಬಂದ ಮೊದಲ ಆಟಗಾರ ಹತ್ತೊಂಬತ್ತರ ಹುಡುಗ ಸಚಿನ್ ತೆಂಡೂಲ್ಕರ್. 'ಕರ್' ಎಂದರೂ ಇಂಥ ಊರಿನವರು ಎಂತಲೇ ಅಲ್ಲವೇ, ನಮ್ಮ ಕರಾವಳಿಯಲ್ಲಿ, ಬೆಳಗಾವಿಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಊರಿನ ವಿಶೇಷಣವನ್ನು ಹೆಸರಲ್ಲೇ ಹೊತ್ತವನೊಬ್ಬ ಬಂದು ಈ ಊರಿನ ಬಾಗಿಲು ತೆಗೆಸಿದ.

ಹೂಗಿಡಗಳ ಲೋಕದಲ್ಲಿ ಎನ್ಸಿಸ್‌ಗೆ ಬರವಿಲ್ಲ. ಇಲ್ಲಿಯ ಒಂದು ಗಾಜಿನ ಮನೆಯೊಳಗೆ, ಕನ್ನಡಕಕ್ಕೆ ಹಬೆ ಹಿಡಿದು ಒರೆಸಿಕೊಳ್ಳುತ್ತಿದ್ದಾಗ ತಲೆಗೆ ತಾಗುವಂತೆ ಹಳದಿ ಕೆಂಪು ಹೂವಿನ ಉದ್ದನೆ ಗೊಂಚಲು ತೂಗುತ್ತಿತ್ತು. ಚೀಟಿ ನೋಡಿದರೆ ಥನ್‌ಬರ್ಜಿಯಾ ಮೈಸೂರೆನ್ಸಿಸ್! ಪಶ್ಚಿಮಘಟ್ಟದ ಬಳ್ಳಿ. ತವರಿನ ಕಡೆಯವರು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಷ್ಟು ಖುಷಿ. ಈಚೆಗೆ ನಮ್ಮ ಕಪ್ಪೆಗಳು ಆ ಬಾಲವನ್ನೂ ಬಿಟ್ಟಿವೆ. 2018ರಲ್ಲಿ ಮಂಗಳೂರಿನಲ್ಲಿ ಗುರುತಿಸಿದ ಪುಟ್ಟ ಕಪ್ಪೆಗೆ ಊರಿನ ಕೊಂಕಣಿ ಹೆಸರನ್ನೇ ಇಟ್ಟು ಮೈಕ್ರೋಹೈಲಾ ಕೊಡಿಯಾಲ್ ಎಂದರು. ಬೆಂಗಳೂರಿನ ಹೊರವಲಯದ್ದು 2020ರಲ್ಲಿ ಸ್ಫೇರೋಥೀಕಾ ಬೆಂಗಳೂರು ಆಯಿತು. ಬೆಂಗಳೂರೆನ್ಸಿಸ್ ಅಲ್ಲ, ಬರೀ ಬೆಂಗಳೂರು.

ಆದರೆ ನನಗೆ ಹತ್ತಿರದ್ದು ಇದೇ ಊರಿನ ಒಂದು ಕಳೆ. ಕತೆ ಆಕ್ಸ್‌ಫರ್ಡಿನಿಂದ ಶುರು. ಸಿಸಿಲಿಯ ಎಟ್ನಾ ಜ್ವಾಲಾಮುಖಿಯ ಬುಡದ ಒಂದು ಹಳದಿ ಹೂವಿನ ಗಿಡವನ್ನು ಆಕ್ಸ್‌ಫರ್ಡಿನ ಸಸ್ಯೋದ್ಯಾನದಲ್ಲಿ ಬೆಳೆಸಿದ್ದರು. ಅದು ಗೋಡೆ ಹಾರಿ ಊರಿನ ಕಲ್ಲುಸಂದಿಗಳಲ್ಲಿ ಬೆಳೆಯಿತು, ಆಕ್ಸ್‌ಫರ್ಡ್ ರಾಗ್‌ವರ್ಟ್ ಎಂಬ ಹೆಸರೂ ಬಂತು. 1844ರಲ್ಲಿ ಆಕ್ಸ್‌ಫರ್ಡಿಗೆ ರೈಲು ಬಂದಾಗ ಅದಕ್ಕೆ ಸ್ವರ್ಗವೇ ಸಿಕ್ಕಿತು. ಹಳಿಗಳ ನಡುವಿನ ಸುಟ್ಟ ಕಲ್ಲಿದ್ದಲಿನ ಕಿಟ್ಟ ಅದರ ಪಾಲಿಗೆ ತವರಿನ ಲಾವಾದಂಥದೇ. ಹತ್ತಿಯಂಥ ಬೀಜ ರೈಲಿನ ಗಾಳಿಯ ಹಿಂದೆ ಹಾರುತ್ತಾ ದೇಶವೆಲ್ಲ ಸುತ್ತಿ ಯಾರ್ಕಿಗೂ ಬಂತು. ಇಲ್ಲಿ ಗ್ರೌಂಡ್‌ಸೆಲ್ ಎಂಬ ನಾಡ ಕಳೆಯ ಜೊತೆ ಬೆರೆತು ಹೊಸದೊಂದು ಗಿಡ ಹುಟ್ಟಿತು. ರಿಚರ್ಡ್ ಅಬ್ಬಟ್ ಎಂಬ ವಿಜ್ಞಾನಿ ಅದನ್ನು ಕಂಡದ್ದು 1979ರಲ್ಲಿ, ಯಾರ್ಕ್ ರೈಲು ನಿಲ್ದಾಣದ ಪಕ್ಕದ ಕಾರ್ ಪಾರ್ಕಿನಲ್ಲಿ. ಅಪ್ಪ ಅಮ್ಮ ಇಬ್ಬರ ಜೊತೆಗೂ ಕೂಡದೆ ತನ್ನಷ್ಟಕ್ಕೆ ಸಂತಾನ ಬೆಳೆಸುವ ಹೊಸ ಜಾತಿ ಅದು. ಲೋಕದಲ್ಲಿ ಬೇರೆಲ್ಲೂ ಇರಲಿಲ್ಲ.

2003ರಲ್ಲಿ ನಾಮಕರಣವಾಯಿತು: ಸೆನೇಸಿಯೋ ಎಬೊರಾಸೆನ್ಸಿಸ್. ಸೆನೇಸಿಯೋ ಎಂದರೆ ಮುದುಕ, ಬೀಜದ ಬಿಳಿ ಕೂದಲಿಗೆ. ಎಬೊರಾಸೆನ್ಸಿಸ್ ಎಂದರೆ ಯಾರ್ಕಿನ. ಆದರೆ ಹೆಸರಿಡುವ ಹೊತ್ತಿಗೆ ಗಿಡ ಮಣ್ಣಿನ ಮೇಲೆ ಇರಲಿಲ್ಲ. ಕಳೆನಾಶಕಕ್ಕೆ ಸಿಕ್ಕಿ 1991ರ ಮೇಲೆ ಬೀದಿಯಲ್ಲಿ ಕಾಣಿಸಿಕೊಳ್ಳಲೇ ಇಲ್ಲ. ಉಳಿದದ್ದು ಲಂಡನ್ನಿನ ಕ್ಯೂ ಎಂಬ ಸಸ್ಯೋದ್ಯಾನದವರ ಬೀಜ ಭಂಡಾರದಲ್ಲಿಟ್ಟ ಒಂದಿಷ್ಟು ಬೀಜ. ಅದನ್ನು ಮೊಳೆಯಿಸಿ 2023ರಲ್ಲಿ ಮತ್ತೆ ಯಾರ್ಕಿನ ಮಣ್ಣಿಗೆ ಬಿತ್ತಿದರು.

ಸುದ್ದಿ ಓದಿದಾಗಿನಿಂದ ನಿಲ್ದಾಣಕ್ಕೆ ಹೋದಾಗಲೆಲ್ಲ ನಾನೂ ಮಗಳೂ ಬೇಲಿ ಬುಡ ನೋಡುತ್ತೇವೆ. ಅವಳು ಹುಟ್ಟಿದ್ದು ಇಲ್ಲೇ, ಹತ್ತು ವರ್ಷ. ಸಾಮಾನ್ಯ ಗ್ರೌಂಡ್‌ಸೆಲ್ಲಿನ, ಅಂದರೆ ಸೆನೇಸಿಯೋ ವಲ್ಗ್ಯಾರಿಸ್‌ನ, ಹೂವಿಗೆ ದಳ ಇರುವುದಿಲ್ಲ, ಬರೀ ಹಳದಿ ಕುಚ್ಚು. ಎಬೊರಾಸೆನ್ಸಿಸ್ ಆದರೆ ಸುತ್ತ ಚಿಕ್ಕ ಚಿಕ್ಕ ದಳ ಇರುತ್ತದೆ. ಈ ನಿಲ್ದಾಣ ಕಟ್ಟುವಾಗ ಕೆಳಗೆ ಸಿಕ್ಕಿದ್ದು ರೋಮನ್ನರ ಸ್ಮಶಾನ ಎಂದು ಅವಳಿಗೆ ಇನ್ನೂ ಹೇಳಿಲ್ಲ, ಹೇಳಿದರೆ ಗಿಡ ಬಿಟ್ಟು ಎಲುಬು ಹುಡುಕುತ್ತಾಳೆ. ಹೋದ ಶನಿವಾರ ಲೀಡ್ಸ್ ರೈಲಿಗೆ ಆರು ನಿಮಿಷ ಇರುವಾಗ ಕಬ್ಬಿಣದ ಕಂಬದ ಬುಡದಲ್ಲಿ ಒಂದು ಹಳದಿ ಚುಕ್ಕೆ ಕಂಡು ಓಡಿಹೋಗಿ ಕುಕ್ಕರಗಾಲಲ್ಲಿ ಕೂತಳು. ಹೂವನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿದಳು.

"ದಳ ಇಲ್ಲ ಅಮ್ಮಾ. ಬರೀ ವಲ್ಗ್ಯಾರಿಸ್ಸು."

ಮಣ್ಣಾದ ಕೈಯನ್ನು ನನ್ನ ಕೋಟಿಗೇ ಒರೆಸಿದಳು. ರೈಲು ಬಂತು.